ದೇಹದ ಶಿಲ್ಕನ್ನೂ ಬರೆದಿಡೋಣ: ಕೊಪ್ಪಳ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ಹಾಗೂ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ನಮಸ್ಕಾರಗಳು.

ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಲೆಕ್ಕ ಬರೆಯುತ್ತಿರುವ ಗುಮಾಸ್ತ. ಅಳೆಯದೆ ಏನನ್ನೂ ಒಳಗೆ ಬಿಡದ ಜಾಗ ನಮ್ಮದು. ಭತ್ತ ಬಂದರೆ ಮೊದಲು ತೇವಾಂಶ ನೋಡುತ್ತೇವೆ. ಶೇ 17 ದಾಟಿದರೆ ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲೂ ಅದನ್ನು ತೆಗೆದುಕೊಳ್ಳುವುದಿಲ್ಲ. ತೂಕದ ಯಂತ್ರಕ್ಕೆ ಕಾನೂನು ಮಾಪನ ಇಲಾಖೆಯವರು ಬಂದು ಮುದ್ರೆ ಹಾಕಬೇಕು. ಹೊರಗೆ ನಿಂತ ಲಾರಿಗೆ ಎಫ್‌ಸಿ, ಅಂದರೆ ಓಡಲು ಯೋಗ್ಯವೆಂಬ ಪ್ರಮಾಣಪತ್ರ, ಬೇಕು. ಹೊಸ ಗಾಡಿಯಾದರೆ ಎರಡು ವರ್ಷಕ್ಕೊಮ್ಮೆ, ಎಂಟು ವರ್ಷ ದಾಟಿದರೆ ಪ್ರತಿವರ್ಷ. ಹಳೆಯದಾದಷ್ಟೂ ಹೆಚ್ಚು ಸಲ ನೋಡಬೇಕೆಂಬ ವಿವೇಕ ಆ ನಿಯಮದೊಳಗೇ ಇದೆ. ಆದರೆ ಆ ಲಾರಿಗೆ 75 ಕೆ.ಜಿ.ಯ ಚೀಲಗಳನ್ನು ಬೆನ್ನಮೇಲೆ ಹೊತ್ತು ಹಾಕುವ ಹಮಾಲರ ಕಸುವು ಈ ವರ್ಷ ಎಷ್ಟಿದೆ, ಹೋದ ವರ್ಷ ಎಷ್ಟಿತ್ತು ಎಂದು ಕೇಳಿದರೆ ನನ್ನ ಯಾವ ಪುಸ್ತಕದಲ್ಲೂ ಉತ್ತರವಿರಲಿಲ್ಲ. ಹಮಾಲರದ್ದಷ್ಟೇ ಅಲ್ಲ, ನನ್ನದೂ ಇರಲಿಲ್ಲ. ನನ್ನ ಮನೆಯಲ್ಲಿ ಯಾರದ್ದೂ ಇರಲಿಲ್ಲ.

ಜಿಲ್ಲೆಯಲ್ಲಿ ವರ್ಷಕ್ಕೆ ಎರಡು ಸಲ ಜನರ ಕಸುವು ಅಳೆದು ಬರೆದಿಡುವ ದಿನ ನಡೆಯಲಿ ಎಂದು ಕೇಳುವ ಈ ಪತ್ರ ಬರೆಯಲು ಕಾರಣ ನನ್ನ ಅವ್ವ.

ನಾಲ್ಕು ವರ್ಷಗಳ ಹಿಂದೆ, ಅವ್ವನಿಗೆ ಅರವತ್ತೇಳು ನಡೆಯುತ್ತಿದ್ದಾಗ, ನಮ್ಮ ಓಣಿಯಲ್ಲಿ ಆರೋಗ್ಯ ಶಿಬಿರವೊಂದು ನಡೆಯಿತು. ರಕ್ತದೊತ್ತಡ ನೋಡಿದರು, ಬೆರಳು ಚುಚ್ಚಿ ಸಕ್ಕರೆ ನೋಡಿದರು, ಎರಡೂ ಸರಿಯಾಗಿದ್ದವು. "ಏನೂ ತೊಂದರೆ ಇಲ್ಲ, ಆರಾಮವಾಗಿರಿ ಅಮ್ಮ" ಎಂದು ಚೀಟಿ ಕೊಟ್ಟರು. ನಾನು ಆ ಚೀಟಿಯನ್ನು ದೇವರ ಜಗಲಿಯ ಮೇಲೆ ಇಟ್ಟೆ. ಐದು ತಿಂಗಳು ಕಳೆಯುವುದರೊಳಗೆ ಅವ್ವ ಬಚ್ಚಲುಮನೆಯ ಹೊಸ್ತಿಲಲ್ಲಿ ಬಿದ್ದಳು. ಸೊಂಟದ ಕೀಲಿನ ಬಳಿ ತೊಡೆಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಆಯಿತು, ಸಾಲ ಆಯಿತು, ಮೂರು ತಿಂಗಳು ಹಾಸಿಗೆಯೂ ಆಯಿತು.

ಶಿಬಿರದವರದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಅವರು ನೋಡಿದ್ದನ್ನು ಸರಿಯಾಗಿಯೇ ನೋಡಿದ್ದರು. ಅವ್ವನ ರಕ್ತದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ಕಾಲಿನಲ್ಲಿ, ತೊಡೆಯಲ್ಲಿ, ಸಮತೋಲನದಲ್ಲಿ. ಈಗ ಹಿಂದಿರುಗಿ ನೋಡಿದರೆ ಎಲ್ಲವೂ ಕಣ್ಣಮುಂದೆಯೇ ಇತ್ತು. ಎರಡು ವರ್ಷಗಳಿಂದ ಅವಳು ಗೋಡೆ ಹಿಡಿಯದೆ ನೆಲದಿಂದ ಎದ್ದಿರಲಿಲ್ಲ. ಶ್ರಾವಣದ ಪುರಾಣಕ್ಕೆ ಹೋದಾಗ ಚಾಪೆಯ ಮೇಲೆ ಕುಳಿತುಕೊಳ್ಳದೆ ಕಟ್ಟೆ ಹುಡುಕುತ್ತಿದ್ದಳು. ಬಾವಿಕಟ್ಟೆಗೆ ಹೋಗುವುದನ್ನು ಬಿಟ್ಟಿದ್ದಳು. ನಾವೆಲ್ಲ ಅದಕ್ಕೆ "ವಯಸ್ಸಾಯಿತು" ಎಂದು ಹೆಸರಿಟ್ಟು ಸುಮ್ಮನಾಗಿದ್ದೆವು. ವಯಸ್ಸು ಎನ್ನುವ ಒಂದು ಮಾತಿನ ಕೆಳಗೆ ನಾವು ಎಷ್ಟು ಸಂಗತಿಗಳನ್ನು ಮುಚ್ಚಿಡುತ್ತೇವೆ ಎಂದು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಅವ್ವನಿಗೆ ನಡಿಗೆ ಕಲಿಸಲು ಬಂದ ಫಿಸಿಯೋಥೆರಪಿಸ್ಟ್ ಒಬ್ಬ ಹುಡುಗಿ. ಅವಳು ತಂದದ್ದು ಒಂದು ಟೇಪು, ಒಂದು ನೋಟುಪುಸ್ತಕ ಅಷ್ಟೇ. ಸ್ವಲ್ಪ ಕಾಲು ಬಂದ ಮೇಲೆ ಒಂದು ದಿನ ತೋಳಿಲ್ಲದ ಕುರ್ಚಿಯೊಂದನ್ನು ಜಾರದಂತೆ ಗೋಡೆಗೆ ಒತ್ತಿಟ್ಟು, ಅವ್ವನ ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, "ಅಜ್ಜಿ, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಕುಳಿತುಕೊಳ್ಳುತ್ತೀರಿ, ನೋಡೋಣ" ಎಂದಳು. ಅವ್ವ ನಾಲ್ಕು ಸಲ ಎದ್ದಳು. ಹುಡುಗಿ ತಾರೀಖು ಹಾಕಿ ನಾಲ್ಕು ಎಂದು ಬರೆದಳು. ಅರವತ್ತೈದರಿಂದ ಅರವತ್ತೊಂಬತ್ತರ ಹೆಂಗಸರು ಹನ್ನೊಂದಕ್ಕಿಂತ ಕಡಿಮೆ ಸಲ ಎದ್ದರೆ ಬೀಳುವ ಅಪಾಯವಿದೆ ಎಂದು ತಿಳಿಯಬೇಕು, ಅರವತ್ತರಿಂದ ಅರವತ್ತನಾಲ್ಕರವರಿಗೆ ಆ ಗಡಿ ಹನ್ನೆರಡು, ಅದೇ ವಯಸ್ಸಿನ ಗಂಡಸರಿಗೆ ಹದಿನಾಲ್ಕು ಎಂದು ನನಗೆ ಹೇಳಿಕೊಟ್ಟವಳು ಅವಳೇ. ಇನ್ನೊಂದು ಪರೀಕ್ಷೆಯನ್ನೂ ತೋರಿಸಿದಳು: ಕುರ್ಚಿಯಿಂದ ಎದ್ದು, ಮೂರು ಮೀಟರು ನಡೆದು, ತಿರುಗಿ ಬಂದು ಕುಳಿತುಕೊಳ್ಳುವುದು. ಹನ್ನೆರಡು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಎಚ್ಚರವಾಗಬೇಕು.

ಒಂದು ಕುರ್ಚಿ, ಒಂದು ಗಡಿಯಾರ, ಅರ್ಧ ನಿಮಿಷ. ಶಿಬಿರದ ದಿನ ಅಷ್ಟನ್ನು ಮಾಡಿದ್ದರೆ ಅವ್ವ ಬೀಳುತ್ತಲೇ ಇರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಅವಳು ಬೀಳುವ ದಾರಿಯಲ್ಲಿದ್ದಾಳೆ ಎಂಬುದು ನನಗೆ ತಿಳಿಯುತ್ತಿತ್ತು. ಬಚ್ಚಲಿಗೆ ಒಂದು ಹಿಡಿಕೆ ಹಾಕಿಸುತ್ತಿದ್ದೆ. ಆ ಐದು ತಿಂಗಳು ಅವಳ ತೊಡೆಗೆ ಬಲ ತುಂಬುವ ಕೆಲಸ ನಡೆಯುತ್ತಿತ್ತು.

ನಾಲ್ಕು ಆರಾಯಿತು, ಆರು ಒಂಬತ್ತಾಯಿತು. ಅಕ್ಷರ ಬಾರದ ಅವ್ವ ಆ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡಳು. ಔಷಧಿ ಕೊಟ್ಟಾಗ ಕಾಣದ ಹುರುಪು, ಹೋದ ಸಲಕ್ಕಿಂತ ಒಂದು ಹೆಚ್ಚಾಗಿದೆ ಎಂದಾಗ ಅವಳ ಮುಖದಲ್ಲಿ ಕಾಣುತ್ತಿತ್ತು. ಹನ್ನೊಂದು ಮುಟ್ಟಿದ ದಿನ ಮನೆಯಲ್ಲಿ ಹೋಳಿಗೆ ಮಾಡಿಸಿದಳು.

ಆಗ ನನಗೆ ಹೊಳೆದದ್ದು ನನ್ನ ಕಸುಬಿನದೇ ಮಾತು. ಪ್ರತಿ ದೀಪಾವಳಿಗೆ ನಾವು ಹೊಸ ಕಿರ್ದಿ ಪುಸ್ತಕಕ್ಕೆ ಪೂಜೆ ಮಾಡುತ್ತೇವೆ. ಮೊದಲ ಸಾಲಿನಲ್ಲಿ ಬರೆಯುವುದು ಹಿಂದಿನ ಶಿಲ್ಕು, ಅಂದರೆ ಹೋದ ವರ್ಷದಿಂದ ಉಳಿದು ಬಂದ ಮೊತ್ತ. ಆ ಸಾಲು ಇಲ್ಲದಿದ್ದರೆ ವರ್ಷವಿಡೀ ಎಷ್ಟು ಚೆನ್ನಾಗಿ ಬರೆದರೂ ಲಾಭವೋ ನಷ್ಟವೋ ಗೊತ್ತಾಗುವುದಿಲ್ಲ. ದೇಹದ ಲೆಕ್ಕವೂ ಹಾಗೆಯೇ. ಒಂದು ಸಲ ಅಳೆದ ಅಂಕಿ ಅರ್ಧ ಮಾತು. ಅದೇ ಪರೀಕ್ಷೆಯನ್ನು ಆರು ತಿಂಗಳ ಮೇಲೆ ಮತ್ತೆ ಮಾಡಿದಾಗಲೇ ಮಾತು ಪೂರ್ತಿಯಾಗುತ್ತದೆ. ಮೂವತ್ತರ ವಯಸ್ಸು ದಾಟಿದ ಮೇಲೆ, ಮೈಗೆ ಕೆಲಸ ಕೊಡದಿದ್ದರೆ, ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ ಎನ್ನುತ್ತಾರೆ ತಜ್ಞರು. ಅರವತ್ತರ ನಂತರ ಇನ್ನೂ ಬೇಗ. ಕಾಲುವೆಯ ಏರಿಯಲ್ಲಿ ಹಿಡಿದ ಸೋರಿಕೆಯಂತೆ ಅದು ದಿನದಿನಕ್ಕೆ ಕಾಣುವುದಿಲ್ಲ. ಕೊನೆಯ ಹೊಲಕ್ಕೆ ನೀರು ಬಾರದೆ ಹೋದಾಗಲೇ ಗೊತ್ತಾಗುವುದು. ಆದರೆ ಕಂಡುಹಿಡಿದರೆ ಮುಚ್ಚಬಹುದಾದ ಸೋರಿಕೆ ಇದು. ಎಂಬತ್ತು, ತೊಂಬತ್ತು ದಾಟಿದವರಲ್ಲೂ ಸರಿಯಾದ ವ್ಯಾಯಾಮದಿಂದ ಸ್ನಾಯುಬಲ ಮರಳುತ್ತದೆ ಎಂಬುದು ಸಾಬೀತಾದ ಸಂಗತಿ.

ನನ್ನ ಲೆಕ್ಕವನ್ನೂ ಹೇಳಬೇಕು. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ನಾನು ಪ್ರತಿವರ್ಷ ಹತ್ತುತ್ತೇನೆ. 2018ರಲ್ಲಿ ಎಲ್ಲೂ ಕೂರದೆ ಹತ್ತೊಂಬತ್ತು ನಿಮಿಷಕ್ಕೆ ಹತ್ತಿದ್ದೆ. ಗೆಳೆಯನೊಂದಿಗೆ ಪಂದ್ಯ ಕಟ್ಟಿದ್ದರಿಂದ ಅದು ನೆನಪಿದೆ. 2021ರಲ್ಲಿ ಮೂವತ್ತೊಂದು ನಿಮಿಷ ಹಿಡಿಯಿತು, ನಾಲ್ಕು ಕಡೆ ಕೂತೆ. ಆ ಮೂರು ವರ್ಷಗಳಲ್ಲಿ ನನಗೆ ಯಾವ ಕಾಯಿಲೆಯೂ ಬಂದಿರಲಿಲ್ಲ, ತೂಕವೂ ಹೆಚ್ಚು ಬದಲಾಗಿರಲಿಲ್ಲ. ದಿನಕ್ಕೆ ಒಂಬತ್ತು ತಾಸು ಕುರ್ಚಿಯಲ್ಲಿ ಕುಳಿತದ್ದೊಂದೇ ನಾನು ಮಾಡಿದ್ದು. ಬೆಟ್ಟ ಅಷ್ಟೇ ಇತ್ತು, ಮೆಟ್ಟಿಲು ಅಷ್ಟೇ ಇದ್ದವು, ಕಡಿಮೆಯಾದವನು ನಾನು. ಆ ಮೇಲೆ ಎಡದಂಡೆ ಕಾಲುವೆಯ ಏರಿಯ ಮೇಲೆ ವಾರಕ್ಕೆ ಐದು ಬೆಳಗ್ಗೆ ಅರ್ಧ ತಾಸು ಬಿರುಸಾಗಿ ನಡೆಯಲು ಶುರುಮಾಡಿದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಅಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕಕ್ಕೆ ಅದು ಸರಿಹೋಗುತ್ತದೆ. ಹೋದ ವರ್ಷ ಇಪ್ಪತ್ತನಾಲ್ಕು ನಿಮಿಷಕ್ಕೆ ಹತ್ತಿದೆ. ಹತ್ತೊಂಬತ್ತು ಇನ್ನೂ ದೂರವಿದೆ. ಆದರೆ ಯಾವ ಕಡೆಗೆ ಹೋಗುತ್ತಿದ್ದೇನೆ ಎಂಬುದು ಈಗ ನನಗೆ ಗೊತ್ತು.

ಇನ್ನು ಹಮಾಲರ ವಿಷಯ. ನಮ್ಮ ಸಾಹುಕಾರರನ್ನು ಒಪ್ಪಿಸಿ, ಆ ಫಿಸಿಯೋಥೆರಪಿಸ್ಟ್ ಹುಡುಗಿಯನ್ನೂ ನಿವೃತ್ತ ದೈಹಿಕ ಶಿಕ್ಷಕರೊಬ್ಬರನ್ನೂ ಕರೆತಂದು, ಎರಡು ವರ್ಷಗಳಿಂದ ಗಿರಣಿಯ ಅಂಗಳದಲ್ಲಿ ಹಂಗಾಮಿಗೆ ಮುಂಚೆ ಅಕ್ಟೋಬರಿನಲ್ಲಿ ಒಮ್ಮೆ, ಹಂಗಾಮು ಮುಗಿದ ಮೇಲೆ ಜನವರಿಯಲ್ಲಿ ಒಮ್ಮೆ ಮೂವತ್ತೆರಡು ಜನರನ್ನು ಅಳೆಯುತ್ತಿದ್ದೇವೆ. ಕುಳಿತಿದ್ದಾಗಿನ ನಾಡಿ, ರಕ್ತದೊತ್ತಡ, ಸೊಂಟದ ಸುತ್ತಳತೆ, ಕುರ್ಚಿಯ ಪರೀಕ್ಷೆ, ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂಬುದು, ಮುಷ್ಟಿಯ ಹಿಡಿತ. ಹಿಡಿತ ಅಳೆಯುವ ಉಪಕರಣವೊಂದನ್ನು ಸಾಹುಕಾರರೇ ಕೊಡಿಸಿದರು. ಹಿಡಿತವೇಕೆ ಎಂದು ಅವರು ಕೇಳಿದ್ದರು. 2015ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಭಾರತವೂ ಸೇರಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಅಧ್ಯಯನದಲ್ಲಿ, ಹಿಡಿತ 5 ಕೆ.ಜಿ. ಕಡಿಮೆ ಇದ್ದಷ್ಟೂ ಸಾವಿನ ಅಪಾಯ ಶೇ 16ರಷ್ಟು ಹೆಚ್ಚಿರುವುದು ಕಂಡಿತು. ಯಾರಿಗೆ ಅಪಾಯವಿದೆ ಎಂಬುದನ್ನು ರಕ್ತದೊತ್ತಡದ ಮೇಲಿನ ಅಂಕಿಗಿಂತ ಹಿಡಿತವೇ ಚೆನ್ನಾಗಿ ಸೂಚಿಸಿತು. ಮುಷ್ಟಿ ಹಿಂಡಿದರೆ ಆಯಸ್ಸು ಬೆಳೆಯುತ್ತದೆ ಎಂದು ಇದರ ಅರ್ಥವಲ್ಲ. ಇಡೀ ಮೈಯ ಬಲ ಹೇಗಿದೆ ಎಂಬುದನ್ನು ಕೈ ಹೇಳುತ್ತದೆ, ಅಷ್ಟೇ.

ಮೊದಲ ಸಲವೇ ನಾವು ದಂಗಾದೆವು. ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿ ಆಳು ಎನಿಸಿಕೊಂಡವರ, ಜಾತ್ರೆಯಲ್ಲಿ ಹನುಮಪ್ಪನ ಗುಡಿಯ ಮುಂದಿನ ಗುಂಡುಕಲ್ಲು ಎತ್ತಿ ಹೆಸರು ಮಾಡಿದವರ ರಕ್ತದೊತ್ತಡ 178/104 ಇತ್ತು. ಹಿಡಿತದಲ್ಲೂ ಕುರ್ಚಿಯಲ್ಲೂ ಅವರೇ ಮುಂದು. ಬದುಕಿನಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿದವರಲ್ಲ. ಬಲವಿದ್ದವರಿಗೆ ಆರೋಗ್ಯವಿದ್ದೇ ಇರುತ್ತದೆ ಎಂಬ ನಮ್ಮ ನಂಬಿಕೆ ಅಂದು ಮುರಿಯಿತು. ಅವ್ವನ ವಿಷಯದಲ್ಲಿ ರಕ್ತ ಸರಿಯಿದ್ದು ಕಾಲು ಸೋತಿತ್ತು. ಇವರಲ್ಲಿ ಕಾಲು ಗಟ್ಟಿಯಿದ್ದು ರಕ್ತನಾಳ ಸೋಲುತ್ತಿತ್ತು. ಆದ್ದರಿಂದಲೇ ಎರಡನ್ನೂ ಒಟ್ಟಿಗೆ ನೋಡಬೇಕೆಂದು ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎರಡನೆಯ ಸಲದ ಅನುಭವ ಇದಕ್ಕಿಂತ ದೊಡ್ಡದು. ಮೂವತ್ತನಾಲ್ಕರ ಒಬ್ಬ ಯುವಕ ಅಕ್ಟೋಬರಿನಲ್ಲಿ ನಡೆದದ್ದಕ್ಕಿಂತ ಜನವರಿಯಲ್ಲಿ ಅರವತ್ತು ಮೀಟರು ಕಡಿಮೆ ನಡೆದ. ಕೆಮ್ಮು ಇತ್ತು. ಗಿರಣಿಯಲ್ಲಿ ತೌಡಿನ ದೂಳಿಗೆ ಎಲ್ಲರೂ ಕೆಮ್ಮುತ್ತೇವೆ, ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ. ಆ ಅರವತ್ತು ಮೀಟರಿನ ವ್ಯತ್ಯಾಸ ನೋಡಿ ಹುಡುಗಿ ಒತ್ತಾಯ ಮಾಡಿ ಅವನನ್ನು ಕಫ ಪರೀಕ್ಷೆಗೆ ಕಳುಹಿಸಿದಳು. ಕ್ಷಯ ಎಂದು ತಿಳಿಯಿತು. ಆರು ತಿಂಗಳು ಗುಳಿಗೆ ನುಂಗಿ ಈಗ ಕೆಲಸಕ್ಕೆ ಬರುತ್ತಿದ್ದಾನೆ. ಜನವರಿಯ ಅಂಕಿ ಒಂದೇ ಇದ್ದಿದ್ದರೆ ಅದು ಸಾಧಾರಣವಾಗಿಯೇ ಕಾಣುತ್ತಿತ್ತು. ಪಕ್ಕದಲ್ಲಿ ಅಕ್ಟೋಬರಿನ ಅಂಕಿ ಇದ್ದದ್ದರಿಂದ ಅವನ ಮನೆ ಉಳಿಯಿತು.

ಇಲ್ಲಿ ಒಂದು ಮಾತನ್ನು ತಾವು ಮುಖ್ಯವಾಗಿ ಗಮನಿಸಬೇಕೆಂದು ಬೇಡುತ್ತೇನೆ. ಪರೀಕ್ಷೆಗೆ ಮೊದಲು ಹಮಾಲರು ಒಪ್ಪಿರಲಿಲ್ಲ. "ಕಡಿಮೆ ಬಂದರೆ ನಾಳೆಯಿಂದ ಬರಬೇಡ ಎನ್ನುತ್ತೀರಿ" ಎಂದು ನೇರವಾಗಿಯೇ ಕೇಳಿದರು. ಅದು ಸುಳ್ಳು ಭಯವಲ್ಲ. ಅದಕ್ಕೆ ನಾವು ಪ್ರತಿಯೊಬ್ಬರ ಅಂಕಿಗಳನ್ನು ಅವರವರ ಸ್ವಂತ ಪುಸ್ತಕದಲ್ಲಿ ಮಾತ್ರ ಬರೆಯುತ್ತೇವೆ. ಗಿರಣಿಯ ಕಚೇರಿಯಲ್ಲಿ ಪ್ರತಿ ಇಡುವುದಿಲ್ಲ. ಲೆಕ್ಕ ಬರೆಯುವವನಾದ ನನಗೂ ಅದನ್ನು ತೆರೆದು ನೋಡುವ ಹಕ್ಕಿಲ್ಲ. ಮೇಲೆ ಹೇಳಿದ ಎರಡು ಸಂಗತಿಗಳನ್ನು ಆ ಇಬ್ಬರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಜಿಲ್ಲೆಯಲ್ಲಿ ಇಂಥದ್ದೇನಾದರೂ ನಡೆಯುವುದಾದರೆ ಈ ನಿಯಮ ಮೊದಲು ಬರಬೇಕು. ಅಂಕಿ ಯಾರ ದೇಹದ್ದೋ ಅವರದ್ದು.

ಸರ್ಕಾರಕ್ಕೆ ಈ ವಿಚಾರ ಹೊಸದಲ್ಲ. ಅಂಗನವಾಡಿಯಲ್ಲಿ ಪ್ರತಿ ತಿಂಗಳು ಮಗುವನ್ನು ತೂಗಿ, ಬೆಳವಣಿಗೆಯ ನಕ್ಷೆಯಲ್ಲಿ ಚುಕ್ಕೆ ಇಟ್ಟು, ಹೋದ ತಿಂಗಳ ಚುಕ್ಕೆಗೆ ಗೆರೆ ಎಳೆಯುತ್ತಾರೆ. ಗೆರೆ ಮೇಲಕ್ಕೆ ಹೋಗುತ್ತಿದೆಯೋ ಕೆಳಕ್ಕೆ ಬಾಗುತ್ತಿದೆಯೋ ಎಂಬುದನ್ನು ನೋಡಿಯೇ ಮುಂದಿನ ಮಾತು. ಎಷ್ಟು ಒಳ್ಳೆಯ ಪದ್ಧತಿ! ಆದರೆ ಆರು ವರ್ಷ ತುಂಬಿದ ದಿನ ಆ ಗೆರೆ ನಿಂತುಹೋಗುತ್ತದೆ. ಶಾಲೆಗಳಿಗಾಗಿ ಖೇಲೋ ಇಂಡಿಯಾದ ದೇಹದಾರ್ಢ್ಯ ಪರೀಕ್ಷೆಗಳಿವೆ. ಚಿಕ್ಕ ಮಕ್ಕಳಿಗೆ ಒಂಟಿಕಾಲಿನ ಸಮತೋಲನ ಮುಂತಾದವು, ನಾಲ್ಕನೇ ತರಗತಿಯಿಂದ 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕುಳಿತು ಮುಂದಕ್ಕೆ ಬಾಗುವುದು ಇತ್ಯಾದಿ. ನನ್ನ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ ಅವಳ ಶಾಲೆಯಲ್ಲಿ 600 ಮೀಟರ್ ಓಡಿಸಿದರು. ಅರ್ಧಕ್ಕೇ ತಲೆ ತಿರುಗಿ ಕುಳಿತಳಂತೆ. ಸಮಯ ಬರೆದುಕೊಂಡರು. ಮನೆಗೆ ಒಂದು ಸಾಲಿನ ಸುದ್ದಿಯೂ ಬರಲಿಲ್ಲ. ಅವಳ ಗೆಳತಿ ಹೇಳಿದ್ದರಿಂದ ರಕ್ತ ಪರೀಕ್ಷೆ ಮಾಡಿಸಿದೆ, ಹಿಮೋಗ್ಲೋಬಿನ್ 8.9 ಇತ್ತು. ಇರಬೇಕಾದದ್ದು ಕನಿಷ್ಠ 12. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 57ರಷ್ಟು ಜನರಿಗೆ ರಕ್ತಹೀನತೆ ಇದೆ. ಮೈದಾನದಲ್ಲಿ ಏದುಸಿರು ಬಿಡುವ ಹುಡುಗಿಯನ್ನು ಸೋಮಾರಿ ಎಂದು ಗದರಿಸುವ ಬದಲು ಅವಳ ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿದೆಯೇ ಎಂದು ಒಮ್ಮೆ ನೋಡುವ ಅಭ್ಯಾಸ ಶಾಲೆಗಳಿಗೆ ಬರಬೇಕು. ಓಟದ ಅಂಕಿ ತಂದೆತಾಯಿಯ ಕೈಗೆ ಬರಬೇಕು, ಅಂಕಪಟ್ಟಿಯಂತೆಯೇ.

ಹೀಗಾಗಿ ನನ್ನ ಬೇಡಿಕೆ ದೊಡ್ಡ ಅನುದಾನದ್ದಲ್ಲ. ಜಿಲ್ಲೆಯ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ, ನಗರಗಳ ಪ್ರತಿ ವಾರ್ಡಿನಲ್ಲಿ, ವರ್ಷಕ್ಕೆ ಎರಡು ಬೆಳಗ್ಗೆ ಕಸುವು ಅಳೆಯುವ ದಿನ ನಡೆಯಲಿ. ಮೂವತ್ತು ದಾಟಿದವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ತಪಾಸಣೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಈಗಾಗಲೇ ಇದೆ. ಅದರ ಪಕ್ಕದಲ್ಲಿ ಒಂದು ಕುರ್ಚಿ, ಮೂರು ಮೀಟರಿನ ಗೆರೆ, ನಡೆಯಲು ಮೂವತ್ತು ಮೀಟರಿನ ಹಾದಿ, ಒಂದು ಟೇಪು ಸೇರಿಸಿದರೆ ಸಾಕು. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಹೇಳಿ ಕಳುಹಿಸಲಿ. ತಾಯಿ ಕಾರ್ಡಿನಂತೆ ಪ್ರತಿಯೊಬ್ಬರಿಗೂ ಒಂದು ಸಣ್ಣ ಪುಸ್ತಕ ಕೊಡಲಿ. ತಾರೀಖನ್ನು ಮಾತ್ರ ಬೆಂಗಳೂರಿನಿಂದ ನಿಗದಿ ಮಾಡುವುದು ಬೇಡ. ತುಂಗಭದ್ರೆಯ ನೀರಾವರಿ ಪ್ರದೇಶದಲ್ಲಿ ನವೆಂಬರ್–ಡಿಸೆಂಬರಿನಲ್ಲೂ ಏಪ್ರಿಲ್–ಮೇನಲ್ಲೂ ಕೊಯ್ಲು. ಆಗ ಕರೆದರೆ ಯಾರೂ ಬರುವುದಿಲ್ಲ, ಬೇಸಿಗೆಯಲ್ಲಿ ನಮ್ಮ ಬಿಸಿಲಿಗೆ ಯಾರನ್ನೂ ನಡೆಸುವುದೂ ಸರಿಯಲ್ಲ. ಸೆಪ್ಟೆಂಬರ್ ಮತ್ತು ಫೆಬ್ರವರಿ ಒಳ್ಳೆಯದು. ಎರಡೂ ಸಲ ಅದೇ ಜಾಗ, ಅದೇ ಹೊತ್ತು, ಅದೇ ಎತ್ತರದ ಕುರ್ಚಿ ಇರಬೇಕು. ಮುಂಜಾನೆ ಏಳಕ್ಕೆ ನಡೆದದ್ದನ್ನು ಮಧ್ಯಾಹ್ನ ಊಟದ ಮೇಲೆ ನಡೆದದ್ದಕ್ಕೆ ಹೋಲಿಸಿದರೆ ಲೆಕ್ಕವೇ ಸುಳ್ಳಾಗುತ್ತದೆ.

ಎದೆನೋವು ಇರುವವರನ್ನು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರನ್ನು, ರಕ್ತದೊತ್ತಡ ತೀರಾ ಏರಿದವರನ್ನು ನಡೆಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಮೊದಲು ರಕ್ತದೊತ್ತಡ, ಆಮೇಲೆ ಉಳಿದದ್ದು.

ಈ ಕೆಲಸವನ್ನು ಆಶಾ ಕಾರ್ಯಕರ್ತೆಯರ ತಲೆಯ ಮೇಲೆ ಪುಕ್ಕಟೆಯಾಗಿ ಹೊರಿಸುವುದಾದರೆ ನಾನು ಈ ಪತ್ರವನ್ನೇ ಹಿಂದೆ ತೆಗೆದುಕೊಳ್ಳುತ್ತೇನೆ. ಅವರ ಹೊರೆ ಈಗಲೇ ಚೀಲಕ್ಕಿಂತ ಭಾರವಾಗಿದೆ. ಆ ಎರಡು ದಿನಗಳಿಗೆ ಪ್ರತ್ಯೇಕ ಪ್ರೋತ್ಸಾಹಧನ ಕೊಡಿ. ದೈಹಿಕ ಶಿಕ್ಷಕರನ್ನು, ದೈಹಿಕ ಶಿಕ್ಷಣ ಓದುತ್ತಿರುವ ವಿದ್ಯಾರ್ಥಿಗಳನ್ನು ಜೊತೆಗೆ ಕೊಡಿ. ಎಷ್ಟೋ ಊರುಗಳಲ್ಲಿ ಹಳೆಯ ಗರಡಿಮನೆಯ ಉಸ್ತಾದರು ಇನ್ನೂ ಇದ್ದಾರೆ, ಅವರನ್ನೂ ಕರೆಯಿರಿ. ಮತ್ತೊಂದು ವಿನಂತಿ: ಇದನ್ನು ಸ್ಪರ್ಧೆ ಮಾಡಬೇಡಿ. ಮೊದಲ ಬಹುಮಾನ, ಎರಡನೇ ಬಹುಮಾನ, ವೇದಿಕೆ, ಶಾಲು ಬಂದರೆ ಗಟ್ಟಿ ಇರುವವರು ಮಾತ್ರ ಬರುತ್ತಾರೆ. ಗೋಡೆ ಹಿಡಿದು ಏಳುವ ಅವ್ವಂದಿರು ಮನೆಯಲ್ಲೇ ಉಳಿಯುತ್ತಾರೆ. ಈ ದಿನ ಇರಬೇಕಾದದ್ದು ಅವರಿಗಾಗಿ.

ಮುಂದಿನ ಫೆಬ್ರವರಿಯಲ್ಲಿ ಮೊದಲ ಪ್ರಯೋಗಕ್ಕೆ ಒಂದೇ ಒಂದು ವಾರ್ಡನ್ನು ಆರಿಸುವುದಾದರೂ ಸಂತೋಷ. ಜಾಗಕ್ಕೆ ನಮ್ಮ ಗಿರಣಿಯ ಭತ್ತ ಒಣಗಿಸುವ ಅಂಗಳವಿದೆ, ಸಾಹುಕಾರರ ಒಪ್ಪಿಗೆಯೂ ಸಿಕ್ಕಿದೆ. ಕುರ್ಚಿ, ಗಡಿಯಾರ, ಟೇಪು, ಹಿಡಿತದ ಉಪಕರಣ ನಮ್ಮಲ್ಲೇ ಇವೆ. ರಕ್ತದೊತ್ತಡ ನೋಡುವ ಸಿಬ್ಬಂದಿ ಇಬ್ಬರು, ಪುಸ್ತಕಗಳು, ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಒಂದು ಆಂಬುಲೆನ್ಸ್ ತಮ್ಮ ಕಡೆಯಿಂದ ಬಂದರೆ ಸಾಕು. ಬರೆಯಲು ನಾನಿದ್ದೇನೆ. ಅವ್ವ ಬರುತ್ತಾಳೆ, ಹೋದ ಸಲ ಹನ್ನೆರಡು ಎದ್ದಿದ್ದಳು, ಈ ಸಲ ಅದನ್ನು ತಮ್ಮ ಎದುರಿಗೇ ಬರೆಸಬೇಕೆಂದು ಹೇಳಿದ್ದಾಳೆ.

ತಮ್ಮ ವಿಶ್ವಾಸಿ,
ಅಕ್ಕಿ ಗಿರಣಿಯ ಗುಮಾಸ್ತ,
ಗಂಗಾವತಿ, ಕೊಪ್ಪಳ ಜಿಲ್ಲೆ